ಡಿಜೆ ಮುಂದೆ ಅಂಗಡಿ ಶಟರ್ ಅದುರಿತು, ರಾಕೆಟ್ ಒಳಗಿನ ಉಪಗ್ರಹದ ಕಥೆ ಏನು?

ಮುಳಬಾಗಿಲು_ದೋಸೆ
ಎಲ್ಲರಿಗೂ ನಮಸ್ಕಾರ. ಹೋದ ವಾರ ಗಣಪತಿ ಬಿಡುವ ದಿನ ನಮ್ಮ ಬೀದಿಗೆ ಡಿಜೆ ಬಂತು. ಟ್ರ್ಯಾಕ್ಟರ್ ತುಂಬ ಸ್ಪೀಕರ್ ಡಬ್ಬಗಳು. ನಾನು ಅಂಗಡಿ ಶಟರ್ ಎಳೆದುಕೊಂಡು ಒಳಗೆ ಲೆಕ್ಕ ಬರೆಯುತ್ತಿದ್ದೆ. ಶಟರ್ ಗಡಗಡ ಅದುರಿತು. ಆದರೆ ಎಲ್ಲ ಹೊಡೆತಕ್ಕೂ ಅಲ್ಲ. ಹಾಡಿನಲ್ಲಿ ಒಂದು ದಪ್ಪ ದನಿ ಬಂದಾಗ ಮಾತ್ರ. ಅದಕ್ಕಿಂತ ಜೋರಾದ ಹೊಡೆತಗಳಿಗೆ ತೆಪ್ಪಗಿತ್ತು. ಪಕ್ಕದಲ್ಲೇ ಇದ್ದ ತೂಕದ ಕಲ್ಲು, ಗಲ್ಲಾಪೆಟ್ಟಿಗೆ ಯಾವುದೂ ಕದಲಲಿಲ್ಲ.

ಮಗ ಹೇಳಿದ, "ಅಪ್ಪ, ಉಪಗ್ರಹವನ್ನೂ ಒಂದು ಕೋಣೆಯಲ್ಲಿಟ್ಟು ಹೀಗೇ ಜೋರಾಗಿ ಶಬ್ದ ಮಾಡಿ ನೋಡುತ್ತಾರಂತೆ" ಅಂತ. ರಾಕೆಟ್ ಅದುರುತ್ತದೆ, ಅದಕ್ಕೆ ಅದುರಿಸಿ ನೋಡುತ್ತಾರೆ, ಸರಿ. ಬರೀ ಶಬ್ದಕ್ಕೆ ಯಾಕೆ ಬೇರೆ ಪರೀಕ್ಷೆ? ಗೊತ್ತಿದ್ದವರು ಹೇಳಿ.

ಟೊಮೆಟೊ_ಮಂಡಿ
ನಿಮ್ಮ ಶಟರ್ ಗ್ರೀಸ್ ಕಂಡು ಎಷ್ಟು ವರ್ಷ ಆಯ್ತು ಅಣ್ಣ?

ಮುಳಬಾಗಿಲು_ದೋಸೆ
ಅದು ಬೇರೆ ವಿಷಯ.

ಬಂಗಾರಪೇಟೆ_ಪ್ಯಾಸೆಂಜರ್
ಅಣ್ಣ, ನಿಮ್ಮ ಮಗ ಹೇಳಿದ್ದು ಸರಿ. ನಾನು ಬೆಂಗಳೂರಿನಲ್ಲಿ ಒಂದು ಖಾಸಗಿ ಕಂಪನಿಯಲ್ಲಿ ಇದೇ ಪರೀಕ್ಷೆ ಕೆಲಸ ಮಾಡುತ್ತೇನೆ. ಇಸ್ರೋ ಅಲ್ಲ. ನನ್ನ ಕೆಲಸದ ದೊಡ್ಡ ಪಾಲು ಅಂದರೆ ಬೆರಳಿನ ಉಗುರಿನಷ್ಟು ಸೆನ್ಸರ್‌ಗಳನ್ನು ಅಂಟಿಸುವುದು, ವೈರು ಎಳೆದು ಟೇಪ್ ಹಾಕುವುದು, ಯಾವ ವೈರು ಯಾವುದಕ್ಕೆ ಅಂತ ಬರೆದಿಡುವುದು. ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ಶಬ್ದ ಎಷ್ಟು ಅಂತ ನೋಡಿ. ಡಿಜೆ ಹತ್ತಿರ 110 ಡೆಸಿಬೆಲ್ ಅಂದುಕೊಳ್ಳಿ. ರಾಕೆಟ್ ಮೂತಿಯ ಹೀಟ್ ಶೀಲ್ಡ್ ಒಳಗೆ, ಅಂದರೆ ಉಪಗ್ರಹ ಕೂತಿರುವ ಜಾಗದಲ್ಲಿ, 140ರ ಆಸುಪಾಸು ಇರುತ್ತದೆ. 30 ತಾನೇ ಜಾಸ್ತಿ ಅನ್ನಬೇಡಿ. ಪ್ರತಿ 10 ಡೆಸಿಬೆಲ್‌ಗೆ ಶಬ್ದದ ಶಕ್ತಿ ಹತ್ತು ಪಟ್ಟು ಏರುತ್ತದೆ. ಹಾಗಾಗಿ ಸಾವಿರ ಪಟ್ಟು. ಒತ್ತಡದಲ್ಲಿ ಹೇಳಿದರೆ 140 ಡೆಸಿಬೆಲ್ ಅಂದರೆ 200 ಪಾಸ್ಕಲ್. ಒಂದು ಚದರ ಮೀಟರ್ ಹಾಳೆಯನ್ನು 20 ಕೆ.ಜಿ. ತೂಕದಷ್ಟು ಬಲದಿಂದ ನೂಕಿ, ಎಳೆದು, ನೂಕಿ, ಎಳೆದು ಮಾಡಿದ ಹಾಗೆ. ಸೆಕೆಂಡಿಗೆ ನೂರಾರು ಸಲ.

ಶಬ್ದ ಜೋರಾಗಿರುವುದು ಎರಡು ಹೊತ್ತಿನಲ್ಲಿ. ಒಂದು, ನೆಲ ಬಿಡುವ ಮೊದಲ ಕೆಲವು ಸೆಕೆಂಡು. ಕೆಳಗಿನಿಂದ ನುಗ್ಗುವ ಬಿಸಿ ಹೊಗೆ ಸುತ್ತಲಿನ ನಿಂತ ಗಾಳಿಗೆ ತಿಕ್ಕಿ ಗರ್ಜಿಸುತ್ತದೆ, ಆ ಗರ್ಜನೆ ನೆಲಕ್ಕೆ ಬಡಿದು ಮೇಲಕ್ಕೆ ಬರುತ್ತದೆ. ಇನ್ನೊಂದು, ಸುಮಾರು ಒಂದು ನಿಮಿಷ ಕಳೆದ ಮೇಲೆ ರಾಕೆಟ್ ಶಬ್ದದ ವೇಗ ದಾಟುವಾಗ. ಆಗ ಎಂಜಿನ್ ಸದ್ದು ಹಿಂದೆ ಉಳಿಯುತ್ತದೆ, ಆದರೆ ಮೂತಿಯ ಮೇಲೆ ಹರಿಯುವ ಗಾಳಿಯೇ ಚಟಪಟ ಬಡಿಯುತ್ತದೆ. ಆಮೇಲೆ ಗಾಳಿಯೇ ಇಲ್ಲ, ಸದ್ದೂ ಇಲ್ಲ.

ಶೇಕರ್ ಮೇಜಿನ ಪರೀಕ್ಷೆ ಬೇರೆ ಯಾಕೆ ಅಂದರೆ, ಶೇಕರ್ ಬುಡದಿಂದ ಅದುರಿಸುತ್ತದೆ. ಶಬ್ದ ಮೈಯೆಲ್ಲ ತಟ್ಟುತ್ತದೆ. ನಿಮ್ಮ ತೂಕದ ಕಲ್ಲಿಗೆ ಮೈ ಕಡಿಮೆ, ತೂಕ ಜಾಸ್ತಿ. ಶಬ್ದಕ್ಕೆ ಅದು ಕ್ಯಾರೇ ಅನ್ನುವುದಿಲ್ಲ. ಶಟರ್ ಅಗಲ, ತೆಳು. ಉಪಗ್ರಹದ ಸೋಲಾರ್ ಹಲಗೆ, ಆಂಟೆನಾ ತಟ್ಟೆ ಎಲ್ಲ ಶಟರ್ ಜಾತಿಗೆ ಸೇರಿದವು.

ಇಳಿಯುವ ಸ್ಟೇಷನ್ ಬಂತು, ಮಿಕ್ಕಿದ್ದು ಸಂಜೆ.

ಟೊಮೆಟೊ_ಮಂಡಿ
ಮೇಡಂ, ಒಂದು ಅನುಮಾನ. ನಮ್ಮ ಲಾರಿಯಲ್ಲಿ ಕ್ರೇಟ್ ಜೋಡಿಸಿ ಕಳಿಸಿದರೆ ಕೆಳಗಿನ ಕ್ರೇಟಿಗಿಂತ ಮೇಲಿನ ಕ್ರೇಟಿನ ಹಣ್ಣೇ ಜಾಸ್ತಿ ಕುಣಿದು ಹಾಳಾಗುತ್ತದೆ. ಭಾರ ಬಿದ್ದಿರುವುದು ಕೆಳಗಿನದಕ್ಕೆ. ಇದೂ ಅದೇ ಲೆಕ್ಕವಾ?

ಬಂಗಾರಪೇಟೆ_ಪ್ಯಾಸೆಂಜರ್
ಅದು ಶೇಕರ್ ಲೆಕ್ಕ ಅಣ್ಣ. ಬುಡದ ಅಲುಗಾಟ ಮೇಲೆ ಹೋಗುತ್ತಾ ಹೆಚ್ಚಾಗುವುದು. ಉಪಗ್ರಹದಲ್ಲೂ ಮೇಲಿನ ಪೆಟ್ಟಿಗೆಗಳಿಗೆ ಹಾಗೇ ಆಗುತ್ತದೆ.

ಆಂಡರ್ಸನ್‌ಪೇಟೆ_ತಾತ
ಮುಳಬಾಗಿಲಿನವರು ಹೇಳಿದ "ಒಂದು ದನಿಗೆ ಮಾತ್ರ" ಅನ್ನುವ ಮಾತು ನನಗೆ ಗೊತ್ತು. ನಾನು ಹುಟ್ಟಿ ಬೆಳೆದದ್ದು ಕೆಜಿಎಫ್ ಗಣಿ ಕ್ವಾರ್ಟರ್ಸಿನಲ್ಲಿ. ಕೆಳಗೆ ಕಲ್ಲು ಸಿಡಿದರೆ, ನಮ್ಮ ಕಡೆ ಏರ್ ಬ್ಲಾಸ್ಟ್ ಅನ್ನುತ್ತಿದ್ದರು, ಮೇಲೆ ಮನೆ ಅದುರುತ್ತಿತ್ತು. ಮೂರು ಕಿಲೋಮೀಟರಿಗೂ ಆಳದ ಗಣಿ ಅದು. ಅಮ್ಮನ ಪಾತ್ರೆ ಸ್ಟ್ಯಾಂಡಿನಲ್ಲಿ ಒಂದೊಂದು ಸಲ ಒಂದೊಂದು ಪಾತ್ರೆ ಮಾತಾಡುತ್ತಿತ್ತು. ಕೆಲವು ಸಲ ಬರೀ ತಟ್ಟೆಗಳು ಜಿಣಜಿಣ. ಕೆಲವು ಸಲ ಕೊಳಗ ಮಾತ್ರ ಗುಂಯ್. ಅಮ್ಮ ಪಾತ್ರೆಯ ಸದ್ದು ಕೇಳಿಯೇ "ಇದು ದೂರದ್ದು, ಹೆದರಬೇಡ" ಅನ್ನುತ್ತಿದ್ದಳು. 2001ರಲ್ಲಿ ಗಣಿ ಮುಚ್ಚಿತು. ಆ ಸ್ಟ್ಯಾಂಡ್ ಇನ್ನೂ ಇದೆ, ಈಗ ರೈಲು ಹೋದರೂ ಸುಮ್ಮನಿರುತ್ತದೆ.

ಮುಳಬಾಗಿಲು_ದೋಸೆ
ತಾತ, ಓದಿ ಮೈ ಜುಮ್ ಅಂತು.

ಬಂಗಾರಪೇಟೆ_ಪ್ಯಾಸೆಂಜರ್
ತಾತ ಹೇಳಿದ್ದೇ ಇಡೀ ವಿದ್ಯೆ. ಒಂದೊಂದು ಪಾತ್ರೆಗೆ ಒಂದೊಂದು ಸ್ವಂತ ದನಿ. ಹೊರಗಿನ ದನಿ ಅದಕ್ಕೆ ಕೂಡಿಬಂದರೆ ಸಣ್ಣ ಸದ್ದಿಗೂ ಕುಣಿಯುತ್ತದೆ. ರಾಕೆಟ್ ಸದ್ದಿನಲ್ಲಿ ಎಲ್ಲ ದನಿಯೂ ಒಟ್ಟಿಗೆ ಇರುತ್ತದೆ, ಹಾಗಾಗಿ ಯಾವ ಭಾಗವೂ ತಪ್ಪಿಸಿಕೊಳ್ಳುವುದಿಲ್ಲ.

ಸಂಜೆ ಬಾಕಿ ಈಗ. ಕೋಣೆ ಹೇಗಿರುತ್ತದೆ ಅಂತ ಹೇಳುತ್ತೇನೆ. ದಪ್ಪ ಕಾಂಕ್ರೀಟ್ ಗೋಡೆ, ಒಳಗೆ ನುಣುಪು, ಖಾಲಿ ಛತ್ರದ ಹಾಗೆ ಸದ್ದು ಸುತ್ತಿ ಸುತ್ತಿ ತಿರುಗಬೇಕು. ಬೆಂಗಳೂರಿನ ಎನ್‌ಎಎಲ್‌ನಲ್ಲಿ (ವಿಮಾನ ಸಂಶೋಧನೆಯ ಸರ್ಕಾರಿ ಪ್ರಯೋಗಾಲಯ) 1100 ಘನ ಮೀಟರಿನ ಇಂಥ ಕೋಣೆ ಇದೆ. ನೆದರ್ಲೆಂಡ್ಸ್‌ನಲ್ಲಿ ಯೂರೋಪಿನವರ ಕೋಣೆ 16 ಮೀಟರಿಗೂ ಎತ್ತರ. ಚಂದ್ರಯಾನ-3ನ್ನು 2023ರ ಮಾರ್ಚ್ ಮೊದಲ ವಾರ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಅದುರಿಸಿ, ಶಬ್ದ ಕೊಟ್ಟು ನೋಡಿದರು. ಜುಲೈ 14ಕ್ಕೆ ಹಾರಿತು.

ಸ್ಪೀಕರಿನಿಂದ ಇಷ್ಟು ಸದ್ದು ಬರಿಸುವುದು ಕಷ್ಟ. ಅದಕ್ಕೆ ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ಬಿಟ್ಟು, ದಾರಿಯಲ್ಲಿ ಒಂದು ಕವಾಟ ಪಟಪಟ ತೆರೆದು ಮುಚ್ಚುವ ಹಾಗೆ ಮಾಡುತ್ತಾರೆ. ಅದರ ಮುಂದೆ ದೊಡ್ಡ ಕಹಳೆ. ನಮ್ಮ ಊರ ಕೊಂಬು ಊದುವವರ ತುಟಿ ಮಾಡುವ ಕೆಲಸವನ್ನು ಆ ಕವಾಟ ಮಾಡುತ್ತದೆ. ಒಣ ನೈಟ್ರೋಜನ್ ಯಾಕೆ ಅಂದರೆ, ತೇವದ ಗಾಳಿ ಕೀಚಲು ದನಿಗಳನ್ನು ನುಂಗಿಬಿಡುತ್ತದೆ. ಆದರೆ ಕೋಣೆ ತುಂಬ ನೈಟ್ರೋಜನ್ ಆದರೆ ಉಸಿರಾಡಲು ಏನೂ ಇರುವುದಿಲ್ಲ. ಪರೀಕ್ಷೆ ಆದ ಮೇಲೆ ಆಮ್ಲಜನಕದ ಮೀಟರ್ ನೋಡದೆ ಯಾರೂ ಬಾಗಿಲು ದಾಟುವ ಹಾಗಿಲ್ಲ.

ಪೂರ್ತಿ ಜೋರು ಇರುವುದು ಒಂದು ನಿಮಿಷ, ವಿನ್ಯಾಸ ಒಪ್ಪಿಸುವ ಮೊದಲ ಮಾದರಿಗೆ ಎರಡು ನಿಮಿಷ. ಅದಕ್ಕೆ ತಯಾರಿ ವಾರಗಟ್ಟಲೆ.

ಮಾಲೂರ್_ಹೆಂಚು
ಒಂದು ನಿಮಿಷ ಶಬ್ದ ಕೊಟ್ಟರು. ಒಳಗೆ ಏನಾದರೂ ಮುರಿದಿದೆಯಾ ಇಲ್ಲವಾ ಅಂತ ಹೇಗೆ ಗೊತ್ತಾಗುತ್ತದೆ? ಎಲ್ಲ ಬಿಚ್ಚಿ ನೋಡುತ್ತಾರಾ?

ಬಂಗಾರಪೇಟೆ_ಪ್ಯಾಸೆಂಜರ್
ನಿಮ್ಮ ಭಟ್ಟಿಯಲ್ಲಿ ಹೆಂಚು ಒಡೆದಿದೆಯಾ ಅಂತ ಹೇಗೆ ನೋಡುತ್ತೀರಿ?

ಮಾಲೂರ್_ಹೆಂಚು
ತಟ್ಟುತ್ತೇವೆ. ಟಣ್ ಅಂದರೆ ಸರಿ. ಡಬ್ ಅಂದರೆ ಬಿರುಕು. ಕಣ್ಣಿಗೆ ಕಾಣದ ಬಿರುಕೂ ಕಿವಿಗೆ ಸಿಗುತ್ತದೆ. ಅಪ್ಪ ಒಂದು ಕೈಯಲ್ಲಿ ಎರಡು ಹೆಂಚು ಹಿಡಿದು ಒಂದಕ್ಕೊಂದು ತಗುಲಿಸಿ, ಆಕಡೆ ಮುಖ ಮಾಡಿಕೊಂಡೇ ಬೇರೆ ಹಾಕುತ್ತಿದ್ದರು.

ಬಂಗಾರಪೇಟೆ_ಪ್ಯಾಸೆಂಜರ್
ಅದೇ. ಮೊದಲು ಮೆಲ್ಲಗೆ ಶಬ್ದ ಕೊಟ್ಟು ಪ್ರತಿ ಸೆನ್ಸರಿನ ಗೆರೆ, ಅಂದರೆ ಯಾವ ದನಿಗೆ ಎಷ್ಟು ಅದುರಿತು ಅನ್ನುವ ಗ್ರಾಫ್, ಬರೆದಿಟ್ಟುಕೊಳ್ಳುತ್ತೇವೆ. ಆಮೇಲೆ ಪೂರ್ತಿ ಜೋರು. ಆಮೇಲೆ ಮತ್ತೆ ಮೊದಲಿನಷ್ಟೇ ಮೆಲ್ಲಗೆ. ಮೊದಲ ಗೆರೆಯ ಮೇಲೆ ಕೊನೆಯ ಗೆರೆ ಇಟ್ಟರೆ ಸರಿಯಾಗಿ ಕೂರಬೇಕು. ಒಂದು ಮೊನೆ ಪಕ್ಕಕ್ಕೆ ಜರುಗಿದ್ದರೆ ಅಲ್ಲಿ ಏನೋ ಸಡಿಲ ಆಗಿದೆ. ನೂರಾರು ಗೆರೆ ಇರುತ್ತವೆ. ಅವತ್ತು ರಾತ್ರಿ ಯಾರಿಗೂ ನಿದ್ದೆ ಇಲ್ಲ.

ಟಮಕ_ಹುಡುಗ
ಅಕ್ಕ, ನನ್ನದೂ ಒಂದು ಕಥೆ. ಕಾಲೇಜಿನಲ್ಲಿ ಪುಟ್ಟ ಉಪಗ್ರಹದ ಪ್ರಾಜೆಕ್ಟ್ ಮಾಡಿದೆವು, ಶೂ ಡಬ್ಬಕ್ಕಿಂತ ಚಿಕ್ಕದು. ಶಬ್ದದ ಕೋಣೆ ಬೇಡ, ಶೇಕರ್ ಸಾಕು ಅಂದರು. ಶೇಕರಿನಲ್ಲಿ ಮೂರನೇ ದಿಕ್ಕಿಗೆ ಹೋಗುವ ಹೊತ್ತಿಗೆ ಒಳಗಿನಿಂದ ಟಿಕ್ ಟಿಕ್ ಅಂತ ಸದ್ದು. ಬಿಚ್ಚಿ ನೋಡಿದರೆ ಒಂದು ಪುಟ್ಟ ಸ್ಕ್ರೂ ಕಳಚಿಕೊಂಡು ಸರ್ಕ್ಯೂಟ್ ಬೋರ್ಡ್ ಮೇಲೆ ಆಡುತ್ತಿತ್ತು. ಅಂಟು ಹಾಕಿ ಬಿಗಿಯಬೇಕಿತ್ತು. ಪಟ್ಟಿಯಲ್ಲಿ "ಅಂಟು ಹಾಕಿದೆ" ಅಂತ ಟಿಕ್ ಮಾಡಿ ಸಹಿ ಹಾಕಿದ್ದವನು ನಾನೇ. ಹಾಕಿರಲಿಲ್ಲ. ಊಟಕ್ಕೆ ಹೋಗುವ ಅವಸರ.

ಬಂಗಾರಪೇಟೆ_ಪ್ಯಾಸೆಂಜರ್
ಬೇಜಾರು ಮಾಡಿಕೊಳ್ಳಬೇಡಪ್ಪ. ಜೇಮ್ಸ್ ವೆಬ್ ದೂರದರ್ಶಕದ ಕಥೆ ಗೊತ್ತಾ? 2018ರಲ್ಲಿ ಶಬ್ದದ ಪರೀಕ್ಷೆ ಮುಗಿಸಿ ನೋಡಿದರೆ ಅದರ ಬಿಸಿಲು ಪರದೆಯ ಹೊದಿಕೆ ಹಿಡಿದಿದ್ದ ಸ್ಕ್ರೂ, ವಾಷರ್‌ಗಳು ಕಳಚಿ ಬಿದ್ದಿದ್ದವು. ಜಗತ್ತಿನ ಅತಿ ದುಬಾರಿ ದೂರದರ್ಶಕಗಳಲ್ಲಿ ಒಂದು. ಹುಡುಕಿ ಹುಡುಕಿ ಆರಿಸಿದರು. ಪರೀಕ್ಷೆ ಇರುವುದೇ ನೆಲದ ಮೇಲೆ ಬೀಳಲಿ ಅಂತ. ನಿನ್ನ ಉಪಗ್ರಹಕ್ಕೆ ಶಬ್ದದ ಕೋಣೆ ಬೇಡ ಅಂದಿದ್ದೂ ಸರಿಯೇ. ಗಟ್ಟಿ ಡಬ್ಬ, ತೂಕದ ಕಲ್ಲಿನ ಜಾತಿ.

ಶ್ರೀನಿವಾಸಪುರ_ಮಾವು
ನಾನು ಫಿಸಿಕ್ಸ್ ಪಾಠ ಮಾಡುವವನು. ನನಗೆ ಒಂದು ತಕರಾರಿದೆ. ಪರೀಕ್ಷೆ ಆಗುವುದು ನೆಲದ ಮಟ್ಟದ ಒತ್ತಡದಲ್ಲಿ. ರಾಕೆಟ್ ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತಾ ಹೋಗುತ್ತದೆ. ಇದಕ್ಕೆ ಹಲಗೆಯ ಸ್ವಂತ ದನಿಯೇ ಬದಲಾಗುತ್ತದೆ ಅಂತ ಎಲ್ಲೋ ಓದಿದೆ. ನಂಬುವುದಕ್ಕೆ ಆಗಲಿಲ್ಲ. ಲೆಕ್ಕ ಹಾಕಿ. ಅರ್ಧ ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆ ಒಂದು ಚದರ ಮೀಟರಿಗೆ 1350 ಗ್ರಾಂ. ಅದರ ಪಕ್ಕದಲ್ಲಿ 5 ಮಿ.ಮೀ. ಸಂದಿನಲ್ಲಿರುವ ಗಾಳಿ ಬರೀ 6 ಗ್ರಾಂ. ಆನೆಯ ಮೇಲೆ ನೊಣ ಕೂತ ಹಾಗೆ. ನೊಣ ಎದ್ದು ಹೋದರೆ ಆನೆಗೇನು?

ಬಂಗಾರಪೇಟೆ_ಪ್ಯಾಸೆಂಜರ್
ಸಾರ್, 6 ಗ್ರಾಂ ಸರಿ. ಆದರೆ ಆ 6 ಗ್ರಾಂ ಹಾಳೆಯ ಜೊತೆ ಹಾಳೆಯ ವೇಗದಲ್ಲಿ ಹೋಗುವುದಿಲ್ಲ.

ಸೋಲಾರ್ ಹಲಗೆಗಳನ್ನು ರಾಕೆಟ್ಟಿನಲ್ಲಿ ಸೀರೆ ಮಡಿಚಿದ ಹಾಗೆ ಒಂದರ ಮೇಲೊಂದು ಮಡಿಚಿ ಇಟ್ಟಿರುತ್ತಾರೆ. ನಡುವೆ ಸಣ್ಣ ಸಂದು. ಒಂದು ಹಲಗೆ ಇನ್ನೊಂದರ ಕಡೆ ಬಾಗಿದರೆ ನಡುವಿನ ಗಾಳಿ ಎಲ್ಲಿಗೆ ಹೋಗಬೇಕು? ಪಕ್ಕಕ್ಕೆ. ದಪ್ಪ ಪುಸ್ತಕ ಪಟ್ಟನೆ ಮುಚ್ಚಿ ನೋಡಿ, ಅಂಚಿನಲ್ಲಿ ಎಷ್ಟು ಜೋರಾಗಿ ಗಾಳಿ ಮುಖಕ್ಕೆ ಹೊಡೆಯುತ್ತದೆ.

ನಿಮ್ಮ ಹಾಳೆ 30 ಸೆಂ.ಮೀ. ಅಗಲ ಅಂದುಕೊಳ್ಳೋಣ. ಗಾಳಿ ಎಡಕ್ಕೆ, ಬಲಕ್ಕೆ ಮಾತ್ರ ಹೋಗಬಹುದು. ನಡುವಿನಿಂದ ಅಂಚಿಗೆ 150 ಮಿ.ಮೀ., ಸಂದು 5 ಮಿ.ಮೀ. ಹಾಗಾಗಿ ಅಂಚಿನಲ್ಲಿ ಗಾಳಿಯ ವೇಗ ಹಾಳೆಯ ವೇಗದ 30 ಪಟ್ಟು. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಅಂತ ನೀವೇ ಪಾಠ ಮಾಡುತ್ತೀರಿ. ಅಂಚಿನಲ್ಲಿ 900 ಪಟ್ಟು. ನಡುವೆ ಸೊನ್ನೆ. ಸರಾಸರಿ ಅದರ ಮೂರನೇ ಒಂದು ಭಾಗ, 300. ಈಗ 6 ಗ್ರಾಂ ಗುಣಿಸು 300. 1800 ಗ್ರಾಂ.

ನೊಣ ಆನೆಗಿಂತ ತೂಕ ಆಯ್ತು ಸಾರ್.

ಮುಂದಕ್ಕೆ ಹಾಕಿದರೆ, ಗಾಳಿಯೇ ಇಲ್ಲದ ಕಡೆ ಸೆಕೆಂಡಿಗೆ 100 ಸಲ ಅದುರುವ ಹಾಳೆ, ನೆಲದಲ್ಲಿ 65 ಸಲ ಅದುರುತ್ತದೆ. 11 ಕಿ.ಮೀ. ಎತ್ತರದಲ್ಲಿ ಗಾಳಿ ನೆಲದಲ್ಲಿರುವುದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಲ್ಲಿ 85 ಆಸುಪಾಸು. ಅಂದರೆ ರಾಕೆಟ್ ಏರುತ್ತಿದ್ದ ಹಾಗೇ ಹಲಗೆಯ ದನಿ ಮೇಲಕ್ಕೆ ಜಾರುತ್ತದೆ, ತಂಬೂರಿಯ ತಂತಿಯನ್ನು ಯಾರೋ ಬಿಗಿ ಮಾಡುತ್ತಿರುವ ಹಾಗೆ. ಜಾರುವ ದಾರಿಯಲ್ಲಿ ಪಕ್ಕದ ಇನ್ನೊಂದು ಭಾಗದ ದನಿಗೆ ಕೂಡಿಬಂದರೆ ಫಜೀತಿ. ಜೊತೆಗೆ ಸಂದಿನ ಗಾಳಿ ಅಲುಗಾಟವನ್ನು ಹೀರಿಕೊಳ್ಳುತ್ತಿತ್ತು. ಗಾಳಿ ಹೋದರೆ ಆ ಮೆತ್ತೆಯೂ ಹೋಯಿತು.

ಶ್ರೀನಿವಾಸಪುರ_ಮಾವು
ಒಂದು ನಿಮಿಷ. ಕಾಗದ ತರುತ್ತೇನೆ.

ಮುಳಬಾಗಿಲು_ದೋಸೆ
ಅಕ್ಕ, ಹಾಗಾದರೆ ಗಾಳಿ ಕಡಿಮೆ ಮಾಡಿಯೇ ಶಬ್ದದ ಪರೀಕ್ಷೆ ಮಾಡಬಹುದಲ್ವಾ?

ಬಂಗಾರಪೇಟೆ_ಪ್ಯಾಸೆಂಜರ್
ಗಾಳಿ ತೆಗೆದರೆ ಶಬ್ದ ಯಾವುದರಲ್ಲಿ ಬರಬೇಕು ಅಣ್ಣ? ತೆಳು ಗಾಳಿಯಲ್ಲಿ ಅಷ್ಟು ಜೋರು ಶಬ್ದ ಎಬ್ಬಿಸುವುದು ಆಗದ ಮಾತು. ಅದಕ್ಕೆ ಕೆಲಸ ಹಂಚಿಕೊಳ್ಳುತ್ತಾರೆ. ಶಬ್ದ ನೆಲದ ಒತ್ತಡದಲ್ಲೇ. ಬೇಕಾದರೆ ಹಲಗೆಯನ್ನು ನಿರ್ವಾತ ಕೋಣೆಯಲ್ಲಿಟ್ಟು ಸಣ್ಣಗೆ ಅಲುಗಿಸಿ ಅದರ ನಿಜವಾದ ದನಿ ತಿಳಿದುಕೊಳ್ಳುತ್ತಾರೆ. ನಡುವಿನದು ಕಂಪ್ಯೂಟರ್ ಲೆಕ್ಕ. ಸಾರ್ ತಕರಾರಿನಲ್ಲಿ ಅರ್ಧ ನಿಜ ಇದೆ. ಮೊದಲ ಗರ್ಜನೆ ನೆಲದ ಹತ್ತಿರ ಆಗುವುದರಿಂದ ಅದಕ್ಕೆ ನೆಲದ ಪರೀಕ್ಷೆ ಸರಿಹೊಂದುತ್ತದೆ. ನೈಟ್ರೋಜನ್ ಕೂಡ ಗಾಳಿಯಷ್ಟೇ ತೂಕದ್ದು. ಶಬ್ದದ ವೇಗ ದಾಟುವ ಹೊತ್ತಿಗೆ ಗಾಳಿ ತೆಳುವಾಗಿರುತ್ತದೆ, ಅಲ್ಲಿ ಲೆಕ್ಕವನ್ನೇ ನಂಬಬೇಕು.

ಟಮಕ_ಹುಡುಗ
ಅಕ್ಕ, ಒತ್ತಡ ಇಳಿಯುವುದೇ ಒಂದು ಹೊಡೆತ ಅಲ್ವಾ? ಅದುರಾಟ ಬಿಡಿ. ಒಳಗೆ ಸಿಕ್ಕಿಕೊಂಡ ಗಾಳಿ?

ಬಂಗಾರಪೇಟೆ_ಪ್ಯಾಸೆಂಜರ್
ಜಾಣ. ನಂದಿ ಬೆಟ್ಟಕ್ಕೆ ಹೋಗುವಾಗ ಬುಡದಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಮೇಲೆ ಹೋದಾಗ ಉಬ್ಬುತ್ತದಲ್ಲ, ಅದು. ಬುಡದಿಂದ ತುದಿಗೆ ಒತ್ತಡ ಇಳಿಯುವುದು ಸುಮಾರು 5 ಕಿಲೋಪಾಸ್ಕಲ್. ಸ್ಕೂಟರಿನಲ್ಲಿ ಕಾಲು ಗಂಟೆ ಬೇಕು. ರಾಕೆಟ್ಟಿನ ಮೂತಿಯೊಳಗೆ ಒತ್ತಡ ಸೆಕೆಂಡಿಗೆ 2 ಕಿಲೋಪಾಸ್ಕಲ್ ಲೆಕ್ಕದಲ್ಲಿ ಇಳಿಯುತ್ತದೆ. ಇಡೀ ನಂದಿ ಬೆಟ್ಟ ಮೂರು ಸೆಕೆಂಡಿನಲ್ಲಿ ಹತ್ತಿದ ಹಾಗೆ. ಶಬ್ದದ ವೇಗದ ಹತ್ತಿರ ಇನ್ನೂ ಜೋರು.

ಅದಕ್ಕೆ ಹೀಟ್ ಶೀಲ್ಡ್ ಪಕ್ಕದಲ್ಲಿ ಗಾಳಿ ಕಂಡಿ ಇರುತ್ತವೆ. ಹಲಗೆಯೊಳಗಿನ ಜೇನುಗೂಡಿನಂಥ ಅಲ್ಯೂಮಿನಿಯಂ ಕೋಣೆಗಳಿಗೆ ಸೂಜಿ ತೂತು. ಬಂಗಾರ ಬಣ್ಣದ ಹೊದಿಕೆಯನ್ನು ಫೋಟೋದಲ್ಲಿ ನೋಡಿರುತ್ತೀರಿ, ಅದಕ್ಕೂ ತೂತು. ತೂತಿಲ್ಲದಿದ್ದರೆ ಪೂರಿ ಉಬ್ಬಿದ ಹಾಗೆ ಉಬ್ಬಿ ಹರಿಯುತ್ತದೆ.

ಇದು ತಪ್ಪಿದ್ದಕ್ಕೆ ಸಾಕ್ಷಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್. 1973ರ ಮೇ 14. ಹಾರಿದ 63 ಸೆಕೆಂಡಿಗೆ ಹೊರಗಿನ ಉಲ್ಕೆ ಕವಚ ಕಿತ್ತುಕೊಂಡು ಹೋಯಿತು. ಆ ಕವಚ ಮೈಗೆ ಅಂಟಿಕೊಂಡಿರಬೇಕಿತ್ತು. ಅದರ ಕೆಳಗೆ ಗಾಳಿಯ ಒತ್ತಡ ಉಳಿದುಬಿಟ್ಟಿತು, ಹೊರಗೆ ಇಳಿದಿತ್ತು. ಅಂಚು ಎದ್ದಿತು, ಹೊರಗಿನ ಗಾಳಿ ಮಿಕ್ಕ ಕೆಲಸ ಮಾಡಿತು. ಜೊತೆಗೆ ಒಂದು ಸೋಲಾರ್ ರೆಕ್ಕೆಯೂ ಹೋಯಿತು. ನೆರಳಿಲ್ಲದೆ ಒಳಗೆಲ್ಲ ಕಾದು, ಆಮೇಲೆ ಹೋದ ಮೂವರು ಕೊಡೆಯಂಥದ್ದನ್ನು ಬಿಚ್ಚಿ ನೆರಳು ಮಾಡಿಕೊಂಡರು.

ಆ ನೆನಪು ಯಾರಿಗೂ ಹೋಗಿಲ್ಲ. ವೆಬ್ ದೂರದರ್ಶಕದ ಮಡಿಚಿದ ಪರದೆಯಲ್ಲಿ ಗಾಳಿ ಉಳಿದು, ಮೂತಿ ತೆರೆದ ಕೂಡಲೇ ಉಬ್ಬೀತು ಅಂತ ಭಯ ಇತ್ತು. ಏರಿಯಾನ್-5 ರಾಕೆಟ್ಟಿನ ಗಾಳಿ ಕಂಡಿಗಳನ್ನೇ ಬದಲಾಯಿಸಿ, ಪೂರ್ತಿ ತೆರೆದೇ ಇರುವಂತೆ ಮಾಡಿದರು. ಆಮೇಲೆ 2021ರ ಡಿಸೆಂಬರ್ 25ಕ್ಕೆ ಹಾರಿಸಿದ್ದು.

ಟೊಮೆಟೊ_ಮಂಡಿ
ಕೊಡೆ ಹಿಡಿದುಕೊಂಡು ಆಕಾಶದಲ್ಲಿ. ಇದನ್ನು ನಮ್ಮ ಹಮಾಲಿ ಅಣ್ಣನಿಗೆ ಹೇಳಿದೆ, "ಸುಮ್ನೆ ರೀಲು ಬಿಡಬೇಡಿ" ಅಂದ.

ಶ್ರೀನಿವಾಸಪುರ_ಮಾವು
ನಾಲ್ಕು ದಿನ ಆಯ್ತು, ತಡಕ್ಕೆ ಕ್ಷಮಿಸಿ. ಕಾಗದದಲ್ಲಿ ಮೇಡಂ ಲೆಕ್ಕ ಸರಿ ಬಂತು. ಆದರೂ ಮನಸ್ಸು ಒಪ್ಪಲಿಲ್ಲ, ಮಾಡಿಯೇ ನೋಡಿದೆ.

ಅರ್ಧ ಮಿ.ಮೀ. ಅಲ್ಯೂಮಿನಿಯಂ ಹಾಳೆ, 30 ಸೆಂ.ಮೀ. ಚೌಕ. ಒಂದು ಅಂಚನ್ನು ವೈಸ್‌ನಲ್ಲಿ ಕಚ್ಚಿಸಿ ನೆಟ್ಟಗೆ ನಿಲ್ಲಿಸಿದೆ. ತುದಿಯನ್ನು ಬೆರಳಿನಿಂದ ಚೂರೇ ಚೂರು ಒತ್ತಿ ಬಿಟ್ಟೆ. ಕಿವಿಗೆ ಕೇಳುವಷ್ಟು ವೇಗ ಇಲ್ಲ, ಸೆಕೆಂಡಿಗೆ ನಾಲ್ಕೈದು ಸಲ ಅಷ್ಟೆ. ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಎಣಿಸಿದೆ. ಆಮೇಲೆ ಅಡುಗೆಮನೆ ಕಟ್ಟೆಗೆ ತಂದು ಉಳಿದಿದ್ದ ಗ್ರಾನೈಟ್ ತುಂಡನ್ನು ಹಾಳೆಯ ಹಿಂದೆ ನಿಲ್ಲಿಸಿದೆ. ಮೂರು ಒಂದು ರೂಪಾಯಿ ನಾಣ್ಯ ಜೋಡಿಸಿದಷ್ಟು ಸಂದು.

ಗ್ರಾನೈಟ್ ಹಾಳೆಯನ್ನು ಮುಟ್ಟಿಲ್ಲ. ನಡುವೆ ಗಾಳಿ ಮಾತ್ರ. ಹಾಳೆ ಐದನೇ ಒಂದು ಭಾಗ ನಿಧಾನ ಆಯಿತು. ಅದಕ್ಕಿಂತ ಆಶ್ಚರ್ಯ, ಮೊದಲು ಮೂವತ್ತು ಎಣಿಸಿದರೂ ಆಡುತ್ತಿದ್ದ ಹಾಳೆ ಆರೇಳಕ್ಕೆ ನಿಂತೇಹೋಯಿತು. ಜೇನುತುಪ್ಪದಲ್ಲಿ ಅದ್ದಿದ ಹಾಗೆ. ಮನೆಯವಳನ್ನು ಕರೆದು ತೋರಿಸಿದೆ. "ಕಲ್ಲು ಎತ್ತಿಡಿ, ಕಾಲ ಮೇಲೆ ಬೀಳುತ್ತದೆ" ಅಂದಳು.

ಮೇಡಂ, ನಿಮ್ಮ ಲೆಕ್ಕದಲ್ಲಿ ಮೂರನೇ ಒಂದು ಭಾಗ ಇಳಿಯಬೇಕಿತ್ತು. ನನಗೆ ಅಷ್ಟು ಸಿಗಲಿಲ್ಲ. ಯಾಕೆ?

ಬಂಗಾರಪೇಟೆ_ಪ್ಯಾಸೆಂಜರ್
ಸಾರ್, ಕೈ ಮುಗಿದೆ. ನನ್ನ ಲೆಕ್ಕದಲ್ಲಿ ಇಡೀ ಹಾಳೆ ಒಟ್ಟಿಗೆ ಹಿಂದೆ ಮುಂದೆ ಹೋಗುತ್ತದೆ, ಗಾಳಿಗೆ ಎರಡೇ ದಾರಿ. ನಿಮ್ಮದು ಒಂದು ಕಡೆ ಕಚ್ಚಿಸಿದ ಹಾಳೆ. ಜಾಸ್ತಿ ಆಡುವುದು ತುದಿ, ಗಾಳಿ ತಪ್ಪಿಸಿಕೊಳ್ಳುವ ಬಾಗಿಲೂ ಅಲ್ಲೇ. ಪಕ್ಕಗಳೂ ತೆರೆದಿವೆ. ಅದಕ್ಕೆ ಪೂರ್ತಿ ಭಾರ ಸಿಗಲಿಲ್ಲ. ಎರಡು ಪಕ್ಕಕ್ಕೆ ಹಾಳೆಗೆ ತಾಗದ ಹಾಗೆ ಗ್ರಾನೈಟಿಗೆ ರಟ್ಟಿನ ಪಟ್ಟಿ ಅಂಟಿಸಿ ನೋಡಿ, ಇನ್ನೂ ನಿಧಾನ ಆಗಬೇಕು.

ಶ್ರೀನಿವಾಸಪುರ_ಮಾವು
ಭಾನುವಾರ ಮಾಡುತ್ತೇನೆ. ನೊಣದ ಮಾತು ವಾಪಸ್ ತಗೊಂಡೆ.

ಮುಳಬಾಗಿಲು_ದೋಸೆ
ಸಾರ್ ಬರೆದಿದ್ದು ಓದಿ ಎದ್ದು ಹೋಗಿ ಶಟರ್ ನೋಡಿದೆ. ಎಡ ಅರ್ಧದ ಹಿಂದೆ, ಒಂದು ಬೆರಳು ಸಂದು ಬಿಟ್ಟು, ಹಳೆ ಪ್ಲೈವುಡ್ ಬೋರ್ಡ್ ನಿಲ್ಲಿಸಿದ್ದೇನೆ. ಈಗ ನೆನಪಾಗುತ್ತಿದೆ, ಅವತ್ತು ಗಡಗಡ ಅಂದದ್ದು ಬಲಗಡೆ ಮಾತ್ರ. ಎಡಗಡೆ ಗುಂಯ್ ಅಂದು ಸುಮ್ಮನಾಗುತ್ತಿತ್ತು. ಬೋರ್ಡ್ ತೆಗೆದು ಒಳಗಿಟ್ಟಿದ್ದೇನೆ. ನವೆಂಬರ್ 1ಕ್ಕೆ ರಾಜ್ಯೋತ್ಸವದ ಡಿಜೆ ಬರುತ್ತದೆ, ಎಡಗಡೆ ಏನು ಮಾಡುತ್ತದೆ ಅಂತ ಬಂದು ಹೇಳುತ್ತೇನೆ.

ಟೊಮೆಟೊ_ಮಂಡಿ
ಅಲ್ಲಿವರೆಗೂ ಗ್ರೀಸ್ ಹಾಕಬೇಡಿ ಅಣ್ಣ.